ತಪ್ಪು ಉತ್ತರದೊಳಗೆ ಏನಿದೆ? ಆರರಿಂದ ಅರವತ್ತರವರೆಗೆ ಗಣಿತ ಕಲಿಸುವ ಬಗೆ

ಮೂರನೇ ತರಗತಿಯ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ, ಪಕ್ಕದಲ್ಲಿ 25 ಎಂದು ಬರೆದು ಮುಂದಿನ ಪುಸ್ತಕ ಎತ್ತಿಕೊಳ್ಳಬಹುದಿತ್ತು. ವರ್ಷಗಟ್ಟಲೆ ನಾನು ಮಾಡಿದ್ದೂ ಅದನ್ನೇ. ಅವತ್ತು ಮಾತ್ರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದನ್ನ ಹೇಗೆ ಮಾಡ್ದೆ? ನಂಗೊಂದ್ಸಲ ಹೇಳ್ಕೊಡು" ಅಂದೆ. ಅವಳು ಅಳುಕಲಿಲ್ಲ. "ಎರಡ್ರಲ್ಲಿ ಏಳು ಹೋಗಲ್ಲ ಟೀಚರ್. ಅದಕ್ಕೆ ಏಳ್ರಲ್ಲಿ ಎರಡು ಕಳ್ದೆ, ಐದು ಬಂತು. ನಾಲ್ಕ್ರಲ್ಲಿ ಒಂದು ಹೋದ್ರೆ ಮೂರು."

ಅವಳ ಮಾತಿನಲ್ಲಿ ಬೇಜವಾಬ್ದಾರಿ ಎಲ್ಲಿಯೂ ಇರಲಿಲ್ಲ. ಚಿಕ್ಕದರಲ್ಲಿ ದೊಡ್ಡದು ಹೋಗುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವರು ನಾವೇ. ಕೂಡುವಾಗ ಸಂಖ್ಯೆಗಳನ್ನು ಹಿಂದುಮುಂದು ಮಾಡಿದರೂ ಉತ್ತರ ಕೆಡುವುದಿಲ್ಲ ಎನ್ನುವುದನ್ನೂ ನಾವೇ ಹೇಳಿದ್ದೆವು. ಅದನ್ನು ಅವಳು ಕಳೆಯುವ ಲೆಕ್ಕಕ್ಕೂ ಒಯ್ದಿದ್ದಳು. ಅವಳಿಗೆ ಗೊತ್ತಿಲ್ಲದಿದ್ದದ್ದು ಒಂದೇ: 42ರಲ್ಲಿರುವ ಆ 4 ನಾಲ್ಕಲ್ಲ, ನಲವತ್ತು. ಗ್ರಾಮೀಣ ಮಕ್ಕಳ ಓದು, ಲೆಕ್ಕ ಅಳೆಯುವ 2024ರ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಕೊಟ್ಟ ಕಳೆಯುವ ಲೆಕ್ಕವೂ ಹೀಗೆ ಎರಡಂಕಿಯದ್ದು, ದಶಕ ತೆಗೆದುಕೊಳ್ಳಬೇಕಾದದ್ದು. ಗ್ರಾಮೀಣ ಭಾರತದ ಮೂರನೇ ತರಗತಿ ಮಕ್ಕಳಲ್ಲಿ ಅದನ್ನು ಸರಿಯಾಗಿ ಮಾಡಿದವರು ಸುಮಾರು ಮೂರನೇ ಒಂದು ಭಾಗ.

ಗಣಿತ ಕಲಿಸುವುದರ ಬಗ್ಗೆ ನನಗೆ ಹೇಳಲಿಕ್ಕಿರುವುದು ಆ ಹುಡುಗಿಯ ಮಾತಿನಲ್ಲೇ ಇದೆ. ತಪ್ಪು ಉತ್ತರದ ಹಿಂದೆ ಸಾಮಾನ್ಯವಾಗಿ ಒಂದು ಯೋಚನೆ ಇರುತ್ತದೆ. ಅದು ಮಗುವಿಗೆ ಇನ್ನೆಲ್ಲೋ ಸರಿಯಾಗಿ ಕೆಲಸ ಮಾಡಿಕೊಟ್ಟ ಯೋಚನೆ. ಅದನ್ನು ಕೇಳಿ ತಿಳಿದುಕೊಳ್ಳದೆ ಸರಿಯಾದ ವಿಧಾನವನ್ನು ಹತ್ತು ಸಲ ಬೋರ್ಡಿನ ಮೇಲೆ ಬರೆದರೂ ಹಳೆಯದು ಕದಲುವುದಿಲ್ಲ. ಆರು ವರ್ಷದವರಿಗೂ ಎಸ್ಸೆಸ್ಸೆಲ್ಸಿಯವರಿಗೂ ದೊಡ್ಡವರಿಗೂ ಈ ಮಾತು ಒಂದೇ. ಬೇರೆಯಾಗುವುದು ತಪ್ಪಿನ ಜಾಗ ಮಾತ್ರ.

ಕಟ್ಟು ಬಿಚ್ಚುವುದು

ಮರುದಿನ ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು ತಂದೆ. ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಮಕ್ಕಳದ್ದು. ಅದನ್ನು ನಾವೇ ಮಾಡಿಟ್ಟರೆ ಅರ್ಧ ಪಾಠ ಅಲ್ಲೇ ಹೋಯಿತು, ಏಕೆಂದರೆ ಹತ್ತು ಬಿಡಿಗಳು ಸೇರಿ ಒಂದು ಕಟ್ಟು ಆಗುವುದನ್ನು ಅವರ ಕೈ ನೋಡಿರುವುದಿಲ್ಲ. ಅವಳ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ ಇಟ್ಟು, "ಹದಿನೇಳು ಕಡ್ಡಿ ಕೊಡು" ಅಂದೆ. ಒಂದು ಕಟ್ಟು ಎತ್ತಿ ಕೊಟ್ಟಳು. ಇನ್ನು ಏಳು ಬಿಡಿ ಬೇಕು, ಇರುವುದು ಎರಡು. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಯಾರೂ ಹೇಳದೆ ಇನ್ನೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಹನ್ನೆರಡು ಬಿಡಿಗಳಲ್ಲಿ ಏಳನ್ನು ಎಣಿಸಿ ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ.

ಇದಕ್ಕೆ ನಾವು "ಸಾಲ ತೆಗೆದುಕೊಳ್ಳುವುದು" ಎನ್ನುತ್ತೇವೆ. ಆ ಮಾತನ್ನು ನಾನು ಈಗ ಬಿಟ್ಟಿದ್ದೇನೆ. ಸಾಲ ಎಂದರೆ ತೀರಿಸಬೇಕು; ಇಲ್ಲಿ ಯಾರೂ ಯಾರಿಗೂ ಏನನ್ನೂ ತೀರಿಸುವುದಿಲ್ಲ. "ಕಟ್ಟು ಬಿಚ್ಚು" ಎಂದರೆ ಆಗಿದ್ದೇನೋ ಅದೇ ಹೆಸರಾಗುತ್ತದೆ. ಕೆಲವು ದಿನಗಳ ಮೇಲೆ ಅದೇ ಹುಡುಗಿಗೆ 402ರಲ್ಲಿ 17 ಕಳೆಯಲು ಕೊಟ್ಟಾಗ, "ಹತ್ತರ ಕಟ್ಟೇ ಇಲ್ವಲ್ಲ ಟೀಚರ್" ಅಂದಳು. ನಾನು ಸುಮ್ಮನಿದ್ದೆ. ಅವಳು ನೂರರ ದೊಡ್ಡ ಕಟ್ಟಿನ ದಾರ ಬಿಚ್ಚಿದಳು, ಒಳಗಿಂದ ಹತ್ತು ಕಟ್ಟು ಬಂದವು, ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿದಳು. ನಡುವೆ ಸೊನ್ನೆ ಇರುವ ಕಳೆಯುವ ಲೆಕ್ಕ ಪ್ರಾಥಮಿಕ ಶಾಲೆಯಲ್ಲಿ ಅತಿ ಹೆಚ್ಚು ತಪ್ಪಾಗುವ ಲೆಕ್ಕಗಳಲ್ಲಿ ಒಂದು. ಅದಕ್ಕೆ ಬೇರೆ ನಿಯಮವೇ ಬೇಕಾಗಲಿಲ್ಲ.

ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಇದನ್ನು ಮೂರು ಹಂತವಾಗಿ ವಿವರಿಸಿದರು: ಮೊದಲು ಕೈಯಿಂದ ಮಾಡುವುದು, ಆಮೇಲೆ ಚಿತ್ರ, ಕೊನೆಗೆ ಚಿಹ್ನೆ. ಸಿಂಗಪುರ 1980ರ ದಶಕದಿಂದ ತನ್ನ ಶಾಲಾ ಗಣಿತವನ್ನು ಇದೇ ಕ್ರಮದ ಮೇಲೆ ಕಟ್ಟಿತು. ನಮ್ಮಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ನಡುವಿನ ಹಂತ. ಕಡ್ಡಿಯ ಆಟ ಆಯಿತು, ಇನ್ನು ಪುಸ್ತಕ ತೆಗೆಯಿರಿ ಎನ್ನುತ್ತೇವೆ. ಕಟ್ಟಿಗೆ ಒಂದು ಉದ್ದ ಗೀಟು, ಬಿಡಿಗೆ ಒಂದು ಚುಕ್ಕಿ ಹಾಕಿಕೊಂಡು ಒಂದು ವಾರ ಲೆಕ್ಕ ಮಾಡಿದ ಮಗು ಕಡ್ಡಿಗಳನ್ನು ತಾನಾಗಿಯೇ ಬಿಡುತ್ತದೆ. ನಾವೇ ಕಡ್ಡಿ ಕಿತ್ತುಕೊಂಡರೆ ಮಗು ಬೆರಳಿಗೆ ಹಿಂದಿರುಗುತ್ತದೆ.

ಇಲ್ಲಿ ಕನ್ನಡ ಮಕ್ಕಳಿಗೊಂದು ಅನುಕೂಲವಿದೆ, ನಾವದನ್ನು ಬಳಸಿಕೊಳ್ಳುವುದು ಕಡಿಮೆ. ಹದಿನಾಲ್ಕು ಎಂದರೆ ಹತ್ತು ಮತ್ತು ನಾಲ್ಕು. ಬರೆಯುವ ಕ್ರಮವೂ ಅದೇ, ಹೇಳುವ ಕ್ರಮವೂ ಅದೇ. ಇಂಗ್ಲಿಷಿನ ಫೋರ್ಟೀನ್‌ನಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ, ಅದಕ್ಕೇ ಎಷ್ಟೋ ಮಕ್ಕಳು 41 ಎಂದು ಬರೆಯುತ್ತಾರೆ. ಹಿಂದಿಯ ಉನ್ನೀಸ್ ಎಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ನಮ್ಮ ಹತ್ತೊಂಬತ್ತು ನೇರವಾಗಿ ಹತ್ತು ಮತ್ತು ಒಂಬತ್ತು. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ, ಹೊರದೇಶದಲ್ಲಿರುವ ಮೊಮ್ಮಗುವಿಗೆ ವೀಡಿಯೋ ಕಾಲ್‌ನಲ್ಲಿ ಅಜ್ಜಿ ತಾತ ಕನ್ನಡದಲ್ಲಿ ಎಣಿಸಿ ತೋರಿಸಿದರೆ ಅದು ಭಾಷೆಯ ಪಾಠವಷ್ಟೇ ಅಲ್ಲ, ಸ್ಥಾನಬೆಲೆಯ ಪಾಠವೂ ಹೌದು.

ಆದರೆ ಮಾತು ಒಂದು ಕಡೆ ದಾರಿ ತಪ್ಪಿಸುತ್ತದೆ. "ನೂರ ಇಪ್ಪತ್ತೈದು" ಬರೆ ಎಂದರೆ 10025 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದಿದ್ದಾರೆ: ನೂರು, ಆಮೇಲೆ ಇಪ್ಪತ್ತೈದು. ಇದಕ್ಕೆ ಮದ್ದು ಮೂರು ರಟ್ಟಿನ ಚೀಟಿ. ಉದ್ದದ ಒಂದರ ಮೇಲೆ 100, ಅದಕ್ಕಿಂತ ಚಿಕ್ಕದರ ಮೇಲೆ 20, ಇನ್ನೂ ಚಿಕ್ಕದರ ಮೇಲೆ 5. ಬಲತುದಿ ಸೇರುವಂತೆ ಒಂದರ ಮೇಲೊಂದು ಇಟ್ಟರೆ ಸೊನ್ನೆಗಳು ಮುಚ್ಚಿಹೋಗಿ 125 ಕಾಣುತ್ತದೆ. ಚೀಟಿ ಎತ್ತಿದರೆ ಸೊನ್ನೆಗಳು ಅಡಿಯಲ್ಲೇ ಇವೆ.

ಶಾಲೆಗೆ ಇನ್ನೂ ಸೇರದ ಮಕ್ಕಳಿಗೆ ಇದಾವುದೂ ಬೇಡ. ಅವರಿಗೆ ಹಾವು-ಏಣಿ ಸಾಕು. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಒಂದರಿಂದ ಹತ್ತರವರೆಗೆ ಅಂಕಿ ಬರೆದ ಸಾಲುಮನೆಯ ಆಟವನ್ನು ಬಡ ಕುಟುಂಬಗಳ ಪುಟ್ಟ ಮಕ್ಕಳ ಜೊತೆ ನಾಲ್ಕು ಸಲ, ಹದಿನೈದು ಹದಿನೈದು ನಿಮಿಷ ಆಡಿದ್ದರು. ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಎಂಬ ಅಂದಾಜು ಆ ಮಕ್ಕಳಲ್ಲಿ ಚೆನ್ನಾಗಿ ಬೆಳೆಯಿತು. ಅಂಕಿಯ ಬದಲು ಬರೀ ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಲ್ಲಿ ಹಾಗಾಗಲಿಲ್ಲ. ಆಡುವಾಗ ಒಂದು ಎಚ್ಚರ ಇರಲಿ: ಐದರ ಮನೆಯಲ್ಲಿರುವ ಕಾಯಿಗೆ ಎರಡು ಬಿದ್ದರೆ "ಒಂದು, ಎರಡು" ಎಂದು ನಡೆಸುವುದಲ್ಲ, "ಆರು, ಏಳು" ಎಂದು ನಡೆಸಬೇಕು.

ಮಗ್ಗಿ ಬೇಕೇ?

ಬೇಕು. ಅರ್ಥವಾದರೆ ಸಾಕು, ಬಾಯಿಪಾಠ ಯಾಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಲೆಯಲ್ಲಿ ಏಕಕಾಲಕ್ಕೆ ಹಿಡಿದಿಡಬಹುದಾದ ಸಂಗತಿಗಳು ಕೆಲವೇ. ಭಾಗಾಕಾರ ಮಾಡುವ ಮಗು ಏಳೆಂಟ್ಲೆ ಎಷ್ಟು ಎಂದು ಹುಡುಕುತ್ತಾ ಕೂತರೆ, ತಾನು ಯಾವ ಲೆಕ್ಕದ ಯಾವ ಹೆಜ್ಜೆಯಲ್ಲಿದ್ದೆ ಎನ್ನುವುದೇ ಮರೆತುಹೋಗುತ್ತದೆ.

ಆದರೆ ನಮ್ಮ ಮಗ್ಗಿ ರಾಗಕ್ಕೆ ಕಟ್ಟುಬಿದ್ದಿದೆ. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು" ಎಂದು ಬುಡದಿಂದ ಹೊರಟರೆ ಮಾತ್ರ ಏಳೆಂಟ್ಲೆ ಐವತ್ತಾರು ಸಿಗುತ್ತದೆ; ನಡುವೆ ತಡೆದು ಕೇಳಿದರೆ ಮತ್ತೆ ಮೊದಲಿನಿಂದ. ಹಾಗಾಗಿ ರಾಗದ ಜೊತೆಗೆ ದಾರಿಗಳನ್ನೂ ಕೊಡಬೇಕು. ಎರಡರ, ಐದರ, ಹತ್ತರ ಮಗ್ಗಿ ಮೊದಲು ಗಟ್ಟಿಯಾಗಲಿ. ನಾಲ್ಕರ ಮಗ್ಗಿ ಎರಡರದ್ದರ ದುಪ್ಪಟ್ಟು, ಎಂಟರದ್ದು ನಾಲ್ಕರದ್ದರ ದುಪ್ಪಟ್ಟು. ಒಂಬತ್ತೇಳ್ಲೆ ಮರೆತರೆ ಹತ್ತೇಳ್ಲೆ ಎಪ್ಪತ್ತರಲ್ಲಿ ಒಂದು ಏಳು ತೆಗೆದರಾಯಿತು, ಅರವತ್ತಮೂರು. ಮೂರೆಂಟ್ಲೆಯೂ ಎಂಟ್ಮೂರ್ಲೆಯೂ ಒಂದೇ ಎಂದು ಹುಣಸೆಬೀಜಗಳನ್ನು ಸಾಲಾಗಿ ಜೋಡಿಸಿ, ರಟ್ಟನ್ನು ತಿರುಗಿಸಿ ತೋರಿಸಿದರೆ ಕಲಿಯಬೇಕಾದ್ದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಸಮ ಎಂದರೆ "ಉತ್ತರ ಬರೆ" ಎಂದಲ್ಲ

ಮನೆಯಲ್ಲಿ ನಾಲ್ಕನೇ ಐದನೇ ತರಗತಿಯ ಮಗುವಿದ್ದರೆ ಇದನ್ನು ಕೊಟ್ಟು ನೋಡಿ: 8 + 4 = □ + 5. ಅಮೆರಿಕದಲ್ಲಿ 1990ರ ದಶಕದಲ್ಲಿ ಇದನ್ನು ಕೊಟ್ಟಾಗ ಆರನೇ ತರಗತಿಯ ಮಕ್ಕಳಲ್ಲಿ ಬಹುತೇಕ ಎಲ್ಲರೂ 12 ಅಥವಾ 17 ಎಂದು ಬರೆದರು. ಸರಿಯಾದ ಉತ್ತರ 7. ನಮ್ಮ ಮಕ್ಕಳೂ ಹೀಗೇ ಬರೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರನ್ನು ದೂರಿ ಫಲವಿಲ್ಲ. ಒಂದನೇ ತರಗತಿಯಿಂದ ಅವರು ನೋಡಿದ ಪ್ರತಿಯೊಂದು ಲೆಕ್ಕದಲ್ಲೂ ಸಮ ಚಿಹ್ನೆಯ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಹಾಗಾಗಿ ಅವರ ಮಟ್ಟಿಗೆ ಆ ಎರಡು ಗೀಟು ಒಂದು ಆಜ್ಞೆ, "ಈಗ ಲೆಕ್ಕ ಮಾಡು" ಎಂದು.

ತಕ್ಕಡಿಯನ್ನು ನೋಡಿದ ಮಗುವಿಗೆ ಇದನ್ನು ತಿದ್ದುವುದು ಕಷ್ಟವಲ್ಲ. ಎರಡೂ ತಟ್ಟೆ ಸಮ ನಿಲ್ಲಬೇಕು, ಅಷ್ಟೇ. ಒಂದನೇ ತರಗತಿಯಿಂದಲೇ ಆಗಾಗ 7 = 3 + 4 ಎಂದೂ, 5 + 2 = 4 + 3 ಎಂದೂ ಬರೆದು "ಇದು ಸರಿಯಾ?" ಎಂದು ಕೇಳುತ್ತಿದ್ದರೆ ಸಾಕು. ಈ ಸಣ್ಣ ಕೆಲಸ ಬಿಟ್ಟುಹೋದರೆ ಅದರ ಬೆಲೆ ತೆರುವುದು ಎಂಟನೇ ತರಗತಿಯ ಬೀಜಗಣಿತದಲ್ಲಿ. 3ಎಕ್ಸ್ + 5 = 20 ಎಂಬಲ್ಲಿ "ಐದು ಆ ಕಡೆ ಹೋದರೆ ಮೈನಸ್ ಆಗುತ್ತೆ" ಎಂದು ಪಕ್ಷಾಂತರದ ನಿಯಮವನ್ನು ಕಂಠಪಾಠ ಮಾಡಿದ ಹುಡುಗ, 3ಎಕ್ಸ್ = 15ರಲ್ಲಿ ಮೂರನ್ನೂ ಆ ಕಡೆ ಕಳಿಸಿ ಮೈನಸ್ ಮೂರು ಮಾಡುತ್ತಾನೆ. ಎರಡೂ ತಟ್ಟೆಯಿಂದ ಐದೈದು ತೆಗೆದೆವು, ಎರಡನ್ನೂ ಮೂರು ಪಾಲು ಮಾಡಿದೆವು ಎಂದು ಕಲಿತ ಹುಡುಗ ಹಾಗೆ ಮಾಡುವುದಿಲ್ಲ.

ಭಿನ್ನರಾಶಿ: ಎಲ್ಲರೂ ಮುಗ್ಗರಿಸುವ ಹೊಸ್ತಿಲು

ಒಳ್ಳೆಯ ಅಂಕ ತೆಗೆಯುತ್ತಿದ್ದ ಮಕ್ಕಳು ಕೂಡ ಗಣಿತವನ್ನು ಕೈಬಿಡುವುದು ಇಲ್ಲಿಂದ. ಅರ್ಧಕ್ಕೆ ಮೂರನೇ ಒಂದು ಸೇರಿಸು ಎಂದರೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಎಂದು ಬರೆಯುತ್ತಾರೆ. ಅರ್ಧ ರೊಟ್ಟಿ ಇತ್ತು, ಇನ್ನಷ್ಟು ಹಾಕಿದೆವು, ಆಗ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಎಂದು ಕೇಳಿದರೆ ಮಗುವಿಗೂ ಅದು ಸರಿಕಾಣುವುದಿಲ್ಲ. ಆದರೂ ಮಾರನೆಯ ದಿನ ಅದನ್ನೇ ಬರೆಯುತ್ತದೆ.

ಯಾಕೆ ಎಂದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಒಬ್ಬ ಹುಡುಗ ತನ್ನ ಮಾರ್ಕ್ಸ್ ಕಾರ್ಡ್ ತೆಗೆದು ತೋರಿಸಿದ ಮೇಲೆ ತಿಳಿಯಿತು. ಮೊದಲ ಕಿರುಪರೀಕ್ಷೆಯಲ್ಲಿ 18/25, ಎರಡನೆಯದರಲ್ಲಿ 20/25, ಕೆಳಗೆ ಮೊತ್ತ 38/50. ಬರೆದವಳು ನಾನೇ. ಗೀಟಿನ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ಅಂಕಗಳ ಲೆಕ್ಕದಲ್ಲಿ ಅದು ಸರಿ. ಅಲ್ಲಿ ಪ್ರತಿ ಸಲವೂ "ಪೂರ್ತಿ" ಎನ್ನುವುದೇ ದೊಡ್ಡದಾಗುತ್ತಾ ಹೋಗುತ್ತದೆ. ರೊಟ್ಟಿಯ ಲೆಕ್ಕದಲ್ಲಿ ಪೂರ್ತಿ ಎಂದರೆ ಕೊನೆಯವರೆಗೂ ಅದೇ ಒಂದು ರೊಟ್ಟಿ. ಎರಡನ್ನೂ ಅಕ್ಕಪಕ್ಕ ಬರೆದು ಈ ವ್ಯತ್ಯಾಸ ತೋರಿಸಿದ ದಿನ ಆ ತರಗತಿಯಲ್ಲಿ ಆದಷ್ಟು ಚರ್ಚೆ ಮತ್ತೆಂದೂ ಆಗಲಿಲ್ಲ.

ಆಮೇಲೆ ಕೂಡುವುದು ಹೇಗೆ? ಇಲ್ಲಿ ನಮ್ಮ ಹಳೆಯ ಮಾತುಗಳು ನೆರವಿಗೆ ಬರುತ್ತವೆ. ಮುಕ್ಕಾಲು ಎಂದರೆ ಮೂರು ಕಾಲು. ಮೂರು ಮಾವಿನಹಣ್ಣು ಎಂದ ಹಾಗೆಯೇ, "ಕಾಲು" ಎಂಬ ವಸ್ತು ಮೂರು. 3/4 ಎಂದು ಬರೆದಾಗ ಮಕ್ಕಳಿಗೆ ಎರಡು ಬೇರೆ ಬೇರೆ ಸಂಖ್ಯೆ ಕಾಣುತ್ತವೆ. ಮುಕ್ಕಾಲು ಎಂದಾಗ ಎಷ್ಟು ಎನ್ನುವುದೂ ಯಾವುದು ಎನ್ನುವುದೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅರೆಕಾಲು ಎಂದರೆ ಕಾಲಿನಲ್ಲಿ ಅರ್ಧ, ಅಂದರೆ ಎಂಟನೇ ಒಂದು ಭಾಗ. ಭಿನ್ನರಾಶಿಯ ಗುಣಾಕಾರವನ್ನೇ ಆ ಒಂದು ಪದ ಹೇಳಿಬಿಡುತ್ತದೆ.

ಹೆಸರು ಬೇರೆಯಾದವನ್ನು ನೇರವಾಗಿ ಕೂಡಲಾಗದು. ಹತ್ತು ರೂಪಾಯಿಯ ಎರಡು ನೋಟು, ಐದು ರೂಪಾಯಿಯ ಮೂರು ನಾಣ್ಯ ಇದ್ದರೆ "ಐದು" ಎಂದು ಹೇಳಿ ಪ್ರಯೋಜನವಿಲ್ಲ. ಹತ್ತರ ನೋಟುಗಳನ್ನು ಐದರ ಚಿಲ್ಲರೆ ಮಾಡಿಸಿದರೆ ಒಟ್ಟು ಏಳು ನಾಣ್ಯ. ಸಮಚ್ಛೇದ ಮಾಡುವುದು, ಅಂದರೆ ಗೀಟಿನ ಕೆಳಗಿನ ಸಂಖ್ಯೆಗಳನ್ನು ಒಂದೇ ಮಾಡುವುದು, ಈ ಚಿಲ್ಲರೆ ಮಾಡಿಸುವ ಕೆಲಸವೇ. ಒಂದು ಹಾಳೆ ತೆಗೆದುಕೊಂಡು ಉದ್ದಕ್ಕೆ ಎರಡಾಗಿ, ಅಡ್ಡಕ್ಕೆ ಮೂರಾಗಿ ಮಡಚಿ ಬಿಚ್ಚಿದರೆ ಆರು ಮನೆ ಕಾಣುತ್ತವೆ. ಅರ್ಧ ಹಾಳೆ ಎಂದರೆ ಮೂರು ಮನೆ, ಮೂರನೇ ಒಂದು ಎಂದರೆ ಎರಡು ಮನೆ, ಒಟ್ಟು ಆರರಲ್ಲಿ ಐದು. ಲ.ಸಾ.ಅ. ಎಂಬ ಪದ ಇದಾದ ಮೇಲೆ ಬಂದರೆ ಸಾಕು. ಭಿನ್ನರಾಶಿ ಕೂಡಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ವಿಧಾನವನ್ನು ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟವನು ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ. ಅವನು ಅದನ್ನು ನಿರುದ್ಧ ಎಂದು ಕರೆದ. ನಮ್ಮ ನೆಲದ ಈ ಕತೆಯನ್ನು ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುತ್ತದೆ.

ಭಾಗಾಕಾರಕ್ಕೆ ಬಂದಾಗ "ತಿರುಗಿಸಿ ಗುಣಿಸು" ಎಂಬ ಸೂತ್ರ ಎಲ್ಲರಿಗೂ ಗೊತ್ತು, ಅದರ ಅರ್ಥ ಗೊತ್ತಿರುವವರು ಕಡಿಮೆ. ಲಿಪಿಂಗ್ ಮಾ ಎಂಬ ಸಂಶೋಧಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೊಂದು ಕತೆಯ ಲೆಕ್ಕ ಕಟ್ಟಿ ಎಂದು ಶಿಕ್ಷಕರನ್ನೇ ಕೇಳಿದ್ದರು. ಚೀನಾದ 72 ಶಿಕ್ಷಕರೂ ಸರಿಯಾಗಿ ಭಾಗಿಸಿದರು. ಅಮೆರಿಕದ 23 ಶಿಕ್ಷಕರಲ್ಲಿ ಪೂರ್ತಿ ಸರಿಯಾದ ಉತ್ತರಕ್ಕೆ ಬಂದವರು 9 ಮಂದಿ. ಕತೆ ಕಟ್ಟುವಾಗ ಹಲವರು "ಇಬ್ಬರಿಗೆ ಸಮನಾಗಿ ಹಂಚಿದರೆ" ಎಂದರು. ಅದು ಎರಡರಿಂದ ಭಾಗಿಸಿದಂತಾಯಿತು, ಅರ್ಧದಿಂದಲ್ಲ. ನೀವೇ ಒಂದು ಕತೆ ಕಟ್ಟಿ ನೋಡಿ. ನಾನು ಹೇಳುವುದು ಹೀಗೆ: ಕ್ಯಾನಿನಲ್ಲಿ ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಅಳತೆಪಾತ್ರೆಯಿಂದ ಎಷ್ಟು ಸಲ ಅಳೆಯಬಹುದು? ಮೂರು ಸಲ ತುಂಬಾ, ನಾಲ್ಕನೆಯದು ಅರ್ಧ. ಮೂರೂವರೆ. ಭಾಗಿಸಿದರೂ ಉತ್ತರ ದೊಡ್ಡದಾಯಿತೇಕೆ ಎನ್ನುವ ಮಕ್ಕಳ ದಿಗಿಲಿಗೂ ಉತ್ತರ ಅಲ್ಲೇ ಇದೆ: ಅಳತೆ ಚಿಕ್ಕದಾದಷ್ಟೂ ಅಳೆಯುವ ಸಲ ಹೆಚ್ಚು.

ದಶಮಾಂಶದ ತಪ್ಪಿಗೂ ಇಂಥದೇ ಒಂದು ಮೂಲ. 0.25 ದೊಡ್ಡದೋ 0.3 ದೊಡ್ಡದೋ ಎಂದರೆ, 25 ದೊಡ್ಡದಲ್ಲವೇ ಎನ್ನುತ್ತಾರೆ. ಕ್ರಿಕೆಟ್ ನೋಡುವ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಟೀವಿಯಲ್ಲಿ 4.3 ಓವರ್ ಎಂದರೆ ನಾಲ್ಕು ಓವರು, ಮೂರು ಬಾಲು. 4.5 ಆದ ಮೇಲೆ ಇನ್ನೊಂದು ಬಾಲಿಗೆ 5 ಬರುತ್ತದೆ, 4.6 ಅಲ್ಲ. ಅದು ಆರರ ಲೆಕ್ಕ, ಹತ್ತರದ್ದಲ್ಲ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿದರೆ ಗೊಂದಲ ಹೋಗುವುದಷ್ಟೇ ಅಲ್ಲ, ಚುಕ್ಕಿಯ ಆಚೆಗಿನ ಅಂಕಿ ಎಷ್ಟನೆಯ ಪಾಲು ಎಂಬ ಪ್ರಶ್ನೆಯೇ ಅವರಲ್ಲಿ ಹುಟ್ಟುತ್ತದೆ. ಅಳೆದು ತೋರಿಸಲು ದರ್ಜಿಯ ಟೇಪಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಪ್ರೌಢಶಾಲೆಯಲ್ಲಿ

"ಮೈನಸ್ ಮೈನಸ್ ಪ್ಲಸ್" ಎಂಬ ಮೂರು ಪದ ಮಾಡಿದಷ್ಟು ಹಾನಿಯನ್ನು ಬೇರೆ ಯಾವ ಸೂತ್ರವೂ ಮಾಡಿಲ್ಲ. ಗುಣಾಕಾರಕ್ಕೆ ಹೇಳಿದ ಮಾತನ್ನು ಮಕ್ಕಳು −3 − 5ಕ್ಕೂ ಹಚ್ಚಿ 8 ಎನ್ನುತ್ತಾರೆ. ಅಂಗಡಿಯಲ್ಲಿ ಮೂರು ರೂಪಾಯಿ ಬಾಕಿ ಇತ್ತು, ಇನ್ನೂ ಐದು ರೂಪಾಯಿಯದ್ದು ಬಾಕಿ ಬರೆಸಿದೆವು. ನಾವು ಎಂಟು ರೂಪಾಯಿ ಸಾಹುಕಾರರಾದೆವೇ ಎಂದು ಕೇಳಿದರೆ ತಕ್ಷಣ ತಿದ್ದಿಕೊಳ್ಳುತ್ತಾರೆ. ಗುಣಾಕಾರಕ್ಕೆ ಮಾತ್ರ ಸಾಲಾಗಿ ಬರೆಸುವುದು ಮೇಲು: 3 × −2 ಎಂದರೆ −6, 2 × −2 ಎಂದರೆ −4, 1 × −2 ಎಂದರೆ −2, 0 × −2 ಎಂದರೆ 0. ಪ್ರತಿ ಹೆಜ್ಜೆಗೂ ಉತ್ತರ ಎರಡೆರಡು ಏರುತ್ತಿದೆ. ಹಾಗಾದರೆ −1 × −2 ಎಷ್ಟಿರಬೇಕು? ಮಕ್ಕಳೇ ಹೇಳುತ್ತಾರೆ.

ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದು ಬರೆಯುವವರಿಗೆ ಸೂತ್ರವನ್ನು ಮತ್ತೆ ಹೇಳುವುದರ ಬದಲು 23 × 23 ಮಾಡಿಸಿ. ಅವರ ಲೆಕ್ಕದಂತೆ 400 + 9, ಅಂದರೆ 409. ನಿಜವಾಗಿ ಗುಣಿಸಿದರೆ 529. ಆ 120 ಎಲ್ಲಿ ಹೋಯಿತು? 23 ಅಡಿಯ ಚೌಕದ ನೆಲ ಬರೆದು, ಒಳಗೆ 20 ಅಡಿಯ ಚೌಕ, ಮೂಲೆಯಲ್ಲಿ 3 ಅಡಿಯ ಚೌಕ ಗೀಚಿದರೆ, ಇನ್ನೂ ಎರಡು ಪಟ್ಟಿಗಳು ಖಾಲಿ ಉಳಿಯುತ್ತವೆ. ಒಂದೊಂದೂ 20 × 3. ಕಳೆದುಹೋದ 120 ಅಲ್ಲೇ ಕೂತಿದೆ.

ಪರೀಕ್ಷೆಯ ತಯಾರಿಯ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ನಮ್ಮ ಅನಿಸಿಕೆ ನಮಗೇ ಮೋಸ ಮಾಡುತ್ತದೆ. ಒಂದು ಅಧ್ಯಾಯ ಮುಗಿಸಿ ಅದರ ಇಪ್ಪತ್ತು ಲೆಕ್ಕ, ಮುಂದಿನ ಅಧ್ಯಾಯ ಮುಗಿಸಿ ಅದರ ಇಪ್ಪತ್ತು ಲೆಕ್ಕ ಮಾಡಿಸುವುದು ರೂಢಿ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟರು. ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ, ಇನ್ನೊಂದಕ್ಕೆ ಎಲ್ಲ ಕಲಸಿ. ಅಭ್ಯಾಸದ ವೇಳೆ ವಿಂಗಡಿಸಿದ ಗುಂಪಿನವರದ್ದೇ ಮೇಲುಗೈ: 89 ಪ್ರತಿಶತ ಸರಿ, ಕಲಸಿದವರದ್ದು 60. ವಾರದ ನಂತರ ಪರೀಕ್ಷೆ ಇಟ್ಟಾಗ ವಿಂಗಡಿಸಿದವರು 20ಕ್ಕೆ ಕುಸಿದರು, ಕಲಸಿದವರು 63ರಲ್ಲಿ ನಿಂತರು. ಒಂದೇ ಬಗೆಯ ಲೆಕ್ಕಗಳ ರಾಶಿಯಲ್ಲಿ ಯಾವ ಸೂತ್ರ ಬೇಕು ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಮೊದಲು ಬೇಕಾಗುವುದು ಅದೇ. ಪ್ರತಿದಿನದ ಮನೆಗೆಲಸದಲ್ಲಿ ಇಂದಿನ ಪಾಠದ ಎರಡು, ಹೋದ ವಾರದ ಎರಡು, ಹೋದ ತಿಂಗಳಿನ ಒಂದು ಲೆಕ್ಕ ಇರಲಿ. ಮಕ್ಕಳು ಗೊಣಗುತ್ತಾರೆ, ತಪ್ಪೂ ಹೆಚ್ಚಾಗುತ್ತದೆ. ಹೆದರಬೇಡಿ.

ಹೊಸ ಪಾಠಕ್ಕೆ ಮಾತ್ರ ಇದು ಬೇಡ. ಆಗ ಬಿಡಿಸಿ ತೋರಿಸಿದ ಲೆಕ್ಕಗಳೇ ಮೊದಲು ಬೇಕು. ಒಂದನ್ನು ಪೂರ್ತಿ ಬಿಡಿಸಿ, ಮುಂದಿನದರಲ್ಲಿ ಕೊನೆಯ ಹೆಜ್ಜೆ ಖಾಲಿ ಬಿಡಿ, ಅದರ ಮುಂದಿನದರಲ್ಲಿ ಎರಡು ಹೆಜ್ಜೆ. ಏನೂ ಗೊತ್ತಿಲ್ಲದ ಮಗುವನ್ನು "ನೀನೇ ಕಂಡುಹಿಡಿ" ಎಂದು ಬಿಡುವುದು ನ್ಯಾಯವಲ್ಲ.

ಹೆದರಿಕೆಯ ಮಾತೂ ಇಲ್ಲೇ ಬರಬೇಕು. ಬೋರ್ಡಿನ ಮುಂದೆ ನಿಲ್ಲಿಸಿ, ಗಡಿಯಾರ ನೋಡುತ್ತಾ, "ಬೇಗ ಹೇಳು" ಎಂದಾಗ ಮಗುವಿನ ತಲೆಯಲ್ಲಿ ಲೆಕ್ಕಕ್ಕಿದ್ದ ಜಾಗವನ್ನೂ ದಿಗಿಲು ತುಂಬಿಕೊಳ್ಳುತ್ತದೆ. ಗೊತ್ತಿದ್ದದ್ದೂ ಹೊಳೆಯುವುದಿಲ್ಲ. ಮನೆಯಲ್ಲಿ ಅಪ್ಪನೋ ಅಮ್ಮನೋ "ನಮ್ಮ ವಂಶಕ್ಕೇ ಲೆಕ್ಕ ತಲೆಗೆ ಹತ್ತಲ್ಲ" ಎಂದರೆ ಮಗು ಅದನ್ನು ಸಮಾಧಾನ ಎಂದು ತೆಗೆದುಕೊಳ್ಳುವುದಿಲ್ಲ, ತೀರ್ಪು ಎಂದು ತೆಗೆದುಕೊಳ್ಳುತ್ತದೆ. ದಯವಿಟ್ಟು ಆ ಮಾತು ಆಡಬೇಡಿ.

ದೊಡ್ಡವರಿಗೆ ಕಲಿಸುವಾಗ

1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರದ ಮಕ್ಕಳನ್ನು ಕುರಿತ ಒಂದು ಅಧ್ಯಯನ ಬಂತು. ಒಂದು ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆ ಎಷ್ಟು ಎಂದು ಗಿರಾಕಿಯ ಹಾಗೆ ಕೇಳಿದಾಗ, ಅವರಲ್ಲಿ ಒಬ್ಬ ಹುಡುಗ 35ಕ್ಕೆ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210 ಎಂದು ಏರುತ್ತಾ 315 ದಾಟಿ 350ಕ್ಕೆ ಬಂದ. ವ್ಯಾಪಾರದಲ್ಲಿ ಆ ಮಕ್ಕಳ ಉತ್ತರ 98 ಪ್ರತಿಶತ ಸರಿ; ಅವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕೊಟ್ಟಾಗ 37 ಪ್ರತಿಶತ. ನಲವತ್ತು ವರ್ಷದ ನಂತರ, 2025ರಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಸಂತೆಗಳಲ್ಲಿ ಕಂಡದ್ದೂ ಇದನ್ನೇ. ಸಂತೆಯ ಮಕ್ಕಳಿಗೆ ಶಾಲೆಯ ಲೆಕ್ಕ ಹತ್ತಲಿಲ್ಲ, ಶಾಲೆಯ ಮಕ್ಕಳಿಗೆ ಸಂತೆಯ ಲೆಕ್ಕ ಹತ್ತಲಿಲ್ಲ. ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಕಟ್ಟಬೇಕು.

ನಮ್ಮ ಬೀದಿಯ ಸ್ವಸಹಾಯ ಸಂಘದಲ್ಲಿ ಹೂ ಮಾರುವ ಒಬ್ಬರಿದ್ದಾರೆ. ಓದಿದ್ದು ನಾಲ್ಕನೇ ತರಗತಿ. ಮೊಳಕ್ಕೆ ಮೂವತ್ತಾದರೆ ಎರಡೂವರೆ ಮೊಳಕ್ಕೆ ಎಷ್ಟೆಂದು ಕೇಳುವ ಮೊದಲೇ ಚಿಲ್ಲರೆ ಕೊಡುತ್ತಾರೆ. ಪ್ರತಿಶತ ಎಂದರೆ ಮಾತ್ರ "ಅದೆಲ್ಲ ನಂಗೆ ಬರಲ್ಲಮ್ಮ" ಎನ್ನುತ್ತಿದ್ದರು. "ನೂರಕ್ಕೆ ಎರಡು ರೂಪಾಯಿ ಬಡ್ಡಿ ಗೊತ್ತಲ್ಲ ಅಕ್ಕ? ಅದೇ ಎರಡು ಪರ್ಸೆಂಟ್, ತಿಂಗಳಿಗೆ" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ವರ್ಷಕ್ಕೆ ಇಪ್ಪತ್ನಾಲ್ಕಾ?" ಎಂದು ಅವರೇ ಕೇಳಿದರು.

ಅವರು 12,000 ರೂಪಾಯಿ ಸಾಲ ಪಡೆಯುವವರಿದ್ದರು, ತಿಂಗಳಿಗೆ ಸಾವಿರದಂತೆ ಅಸಲು ತೀರಿಸುವ ಕರಾರು. ಇಬ್ಬರು ಸಾಲ ಕೊಡಲು ಮುಂದೆ ಬಂದಿದ್ದರು, ಇಬ್ಬರದ್ದೂ ನೂರಕ್ಕೆ ಎರಡೇ. ಒಬ್ಬರು ಕೊನೆಯವರೆಗೂ ಪೂರ್ತಿ ಹನ್ನೆರಡು ಸಾವಿರಕ್ಕೆ ಬಡ್ಡಿ ಹಿಡಿಯುತ್ತಾರೆ, ಇನ್ನೊಬ್ಬರು ಉಳಿದ ಅಸಲಿಗೆ ಮಾತ್ರ. ನಾನು ಸೂತ್ರ ಹೇಳಲಿಲ್ಲ. ಹಾಳೆಯಲ್ಲಿ ಎರಡು ಕಂಬಸಾಲು ಹಾಕಿ, ತಿಂಗಳ ಹೆಸರು ಬರೆದು ಪೆನ್ನು ಅವರ ಕೈಗೆ ಕೊಟ್ಟೆ. ಎಡಗಡೆ 240, 240, 240 ಎಂದು ಹನ್ನೆರಡು ಸಲ. ಬಲಗಡೆ 240, 220, 200 ಎಂದು ಇಳಿಯುತ್ತಾ ಕೊನೆಗೆ 20. ಕೂಡುವಾಗ ಅವರು ಮೇಲಿನಿಂದ ಕೆಳಕ್ಕೆ ಕೂಡಲಿಲ್ಲ. ಮೊದಲಿನದಕ್ಕೆ ಕೊನೆಯದನ್ನು ಸೇರಿಸಿ 260, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನು ಸೇರಿಸಿ ಮತ್ತೆ 260, ಹೀಗೆ ಆರು ಜೋಡಿ ಮಾಡಿ 1,560 ಎಂದರು. ಹೂವಿನ ಕುಚ್ಚುಗಳನ್ನು ಉದ್ದ-ಗಿಡ್ಡ ಸೇರಿಸಿ ಕಟ್ಟುವವರಿಗೆ ಅದು ಸಹಜವಾಗಿ ಬಂದಿತ್ತು. ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿಯ ಮೊತ್ತ ಎಂದು ನಾವು ಕಲಿಸುವುದೂ ಇದನ್ನೇ. ಎಡಗಡೆಯ ಮೊತ್ತ 2,880.

ಎರಡೂ ಮೊತ್ತದ ಕೆಳಗೆ ಗೀಟು ಎಳೆದು, ವ್ಯತ್ಯಾಸ 1,320 ಎಂದು ತಾವೇ ಬರೆದರು. ಹಾಳೆಯನ್ನು ನಾಲ್ಕಾಗಿ ಮಡಚಿ ಸೆರಗಿನ ಗಂಟಿನಲ್ಲಿಟ್ಟುಕೊಂಡರು. ಮುಂದಿನ ವಾರದ ಸಂಘದ ಸಭೆಯಲ್ಲಿ ಅದನ್ನು ಬಿಚ್ಚಿ, ಉಳಿದ ಹೆಂಗಸರಿಗೆ ತಿಂಗಳು ತಿಂಗಳಾಗಿ ಬೆರಳಿಟ್ಟು ಓದಿ ಹೇಳಿದವರು ಅವರೇ.